ಹೊರಗೆ ಕುದುರೆ, ಒಳಗೆ ಆತ್ಮ: ಸೆಲ್ಲೋ ದನಿ ಯಾರದ್ದು?

ಇವತ್ತಿನ ಮಾತು ಒಂದು ವಾದ್ಯದ ಬಗ್ಗೆ. ಸೆಲ್ಲೋ. ಪಿಟೀಲಿನ ದೊಡ್ಡಣ್ಣ, ಕುರ್ಚಿ ಮೇಲೆ ಕೂತು ಎರಡು ಮಂಡಿಗಳ ಮಧ್ಯೆ ಇಟ್ಕೊಂಡು ನುಡಿಸ್ತಾರಲ್ಲ, ಅದು. ಸಿನಿಮಾದಲ್ಲಿ ಅಪ್ಪ ತೀರಿಕೊಂಡ ಸೀನ್ ಬಂದಾಗ ಹಿಂದೆ ಒಂದು ತಗ್ಗು ದನಿ ಎದೆ ಹಿಂಡುತ್ತೆ ನೋಡಿ, ಎಷ್ಟೋ ಸಲ ಅದು ಇದೇ. ಅದನ್ನ ನುಡಿಸೋದು ಹೇಗೆ ಅನ್ನೋದು ಇವತ್ತಿನ ವಿಷಯ ಅಲ್ಲ. ಆ ದನಿ ಎಲ್ಲಿಂದ ಬರುತ್ತೆ, ಅದನ್ನ ಮಾಡಿದ್ದು ಯಾರು, ಅದರ ಹೆಸರು ಯಾರಿಗೆ ಹೋಯ್ತು ಅನ್ನೋದು ವಿಷಯ.

ಒಂದು ನಿರ್ದಿಷ್ಟ ಸೆಲ್ಲೋ ಇಟ್ಕೊಂಡು ಶುರು ಮಾಡೋಣ. ಹೆಸರು 'ಡೇವಿಡಾಫ್'. ಇಟಲಿಯ ಕ್ರೆಮೋನಾ ಊರಲ್ಲಿ ಆಂತೋನಿಯೋ ಸ್ಟ್ರಾಡಿವೇರಿ 1712ರಲ್ಲಿ ಮಾಡಿದ್ದು. 19ನೇ ಶತಮಾನದಲ್ಲಿ ಕಾರ್ಲ್ ಡೇವಿಡಾಫ್ ಅನ್ನೋ ರಷ್ಯನ್ ಕಲಾವಿದನ ಹತ್ತಿರ ಇತ್ತು, ಹೆಸರು ಅಲ್ಲಿಂದ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಜ್ಯಾಕ್ಲೀನ್ ಡು ಪ್ರೆ ಕೈಗೆ ಸೇರಿತು. ಆಕೆ ನುಡಿಸೋದು ಬೆಂಕಿ ಥರ. ಈ ವಾದ್ಯ ಆಕೆಗೆ ಪೂರ್ತಿ ಒಗ್ಗಲಿಲ್ಲ, ಯಾವಾಗ ಹೇಗೆ ವರ್ತಿಸುತ್ತೋ ಹೇಳೋಕಾಗಲ್ಲ ಅನ್ನೋದು ಆಕೆಯ ದೂರು. ಆಮೇಲೆ ಅದು ಯೋ-ಯೋ ಮಾ ಹತ್ತಿರ ಬಂತು. ಅವರ ಅನುಭವ ಬೇರೆ: ಇದನ್ನ ಒತ್ತಿ ಬಗ್ಗಿಸೋಕಾಗಲ್ಲ, ಓಲೈಸಬೇಕು. 1990ರ ದಶಕದ ಕೊನೆಗೆ ಅವರು ಹಳೇ ಬರೋಕ್ ಕಾಲದ ಸಂಗೀತ ರೆಕಾರ್ಡ್ ಮಾಡಬೇಕಾಯ್ತು. ಆಗ ಇದೇ ಸೆಲ್ಲೋಗೆ ಬರೋಕ್ ಮಾದರಿಯ ಕುದುರೆ ಕೂರಿಸಿ, ಪ್ರಾಣಿಯ ಕರುಳಿನ ತಂತಿ ಕಟ್ಟಿಸಿ ನುಡಿಸಿದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಾರ್ಡ್‌ವೇರ್ ಅದೇ, ಕಾನ್ಫಿಗರೇಷನ್ ಬೇರೆ. ದನಿಯೂ ಬೇರೆ.

ಈಗ ಪ್ರಶ್ನೆ. ಇದರಲ್ಲಿ 'ಸ್ಟ್ರಾಡಿವೇರಿಯ ದನಿ' ಯಾವುದು?

ಮರದಲ್ಲಿ ರಹಸ್ಯ ಇದೆ, ವಾರ್ನಿಶ್‌ನಲ್ಲಿ ರಹಸ್ಯ ಇದೆ, ಆ ಕಾಲದ ಚಳಿಯಲ್ಲಿ ನಿಧಾನಕ್ಕೆ ಬೆಳೆದ ಮರ ಅದಕ್ಕೇ ಹಾಗೆ ಅಂತೆಲ್ಲ ನೀವು ಓದಿರ್ತೀರಿ. ವಾಟ್ಸ್ಯಾಪಲ್ಲಿ ಪ್ರತಿ ವರ್ಷ ಒಂದು ಫಾರ್ವರ್ಡ್ ಬಂದೇ ಬರುತ್ತೆ. ಆದ್ರೆ ದನಿಯನ್ನ ಅತಿ ಹೆಚ್ಚು ತಿದ್ದೋಕಾಗೋ ಎರಡು ಭಾಗ ಸೆಲ್ಲೋದಲ್ಲಿ ಇದೆ. ಎರಡಕ್ಕೂ ಅಂಟು ಹಾಕಿರಲ್ಲ. ಇವತ್ತು ವೇದಿಕೆ ಮೇಲೆ ನುಡಿಯೋ ಸ್ಟ್ರಾಡಿವೇರಿ ಸೆಲ್ಲೋಗಳಲ್ಲಿ ಆ ಎರಡನ್ನೂ ಮಾಡಿದ್ದು ಸ್ಟ್ರಾಡಿವೇರಿ ಅಲ್ಲ, ಎಷ್ಟೋ ತಲೆಮಾರು ಆಮೇಲಿನ ಯಾರೋ ಕುಶಲಕರ್ಮಿ. ವಾದ್ಯದ ಒಳಗಿನ ಚೀಟಿಯಲ್ಲಿ ಅವನ ಹೆಸರು ಇರಲ್ಲ. ನಾನು ಹೇಳಹೊರಟಿರೋದು ಆ ಎರಡು ತುಂಡುಗಳ ಇತಿಹಾಸ.

ಮೊದಲನೇದು ಬ್ರಿಜ್. ತಂತಿಗಳನ್ನ ಎತ್ತಿ ಹಿಡಿಯೋ ಮೇಪಲ್ ಮರದ ತುಂಡು. ನಮ್ಮ ವೀಣೆ, ಪಿಟೀಲಿನವರು ಇದನ್ನ ಕುದುರೆ ಅಂತಾರೆ. ಫ್ರೆಂಚಲ್ಲಿ ಇದರ ಹೆಸರು 'ಶೆವಾಲೆ', ಅರ್ಥ ಪುಟ್ಟ ಕುದುರೆ. ಎಲ್ಲಿಯ ಪ್ಯಾರಿಸ್ಸು, ಎಲ್ಲಿಯ ಮೈಸೂರು, ಇಬ್ಬರಿಗೂ ತಂತಿ ಹೊತ್ತು ನಿಂತಿರೋ ಮರದ ತುಂಡು ನೋಡಿ ಅದೇ ಪ್ರಾಣಿ ನೆನಪಾಗಿದೆ. ಸೆಲ್ಲೋದ ಕುದುರೆ ಸುಮಾರು 9 ಸೆಂಟಿಮೀಟರ್ ಎತ್ತರ. ಎರಡು ಕಾಲು, ಮಧ್ಯೆ ಹೃದಯದ ಆಕಾರದ ಒಂದು ತೂತು. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಯ ಒತ್ತಡವೇ ಅದನ್ನ ನಿಲ್ಲಿಸಿರೋದು.

ಎರಡನೇದು ಹೊರಗೆ ಕಾಣಲ್ಲ. ಎಫ್ ಅಕ್ಷರದ ಆಕಾರದ ರಂಧ್ರದಲ್ಲಿ ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಒಂದು ಸಣ್ಣ ಗೂಟ ನಿಂತಿರೋದು ಕಾಣುತ್ತೆ. ಸ್ಪ್ರೂಸ್ ಮರದ್ದು, ಸುಮಾರು 11 ಮಿಲಿಮೀಟರ್ ದಪ್ಪ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ, ಕುದುರೆಯ ಬಲಗಾಲಿನ ಸ್ವಲ್ಪ ಹಿಂದೆ ಸಿಕ್ಕಿಸಿರ್ತಾರೆ. ಇಂಗ್ಲಿಷಿನವರು ಬರೀ ಸೌಂಡ್ ಪೋಸ್ಟ್, ಅಂದ್ರೆ ಸದ್ದಿನ ಕಂಬ, ಅಂತ ಕರೆದು ಕೈ ತೊಳ್ಕೊಂಡ್ರು. ಇಟಲಿಯವರು ಇದನ್ನ 'ಆನಿಮಾ' ಅಂದ್ರು, ಫ್ರೆಂಚರು 'ಆಮ್' ಅಂದ್ರು. ಎರಡಕ್ಕೂ ಅರ್ಥ ಆತ್ಮ. ಜರ್ಮನ್ನರಿಗೆ ಇದು 'ಸ್ಟಿಮ್ಮೆ', ಅಂದ್ರೆ ದನಿ. ನಮ್ಮ ತಂಬೂರಿಯ ಕುದುರೆ ಮೇಲೆ ತಂತಿ ಕೆಳಗೆ ಒಂದು ದಾರ ಸೇರಿಸ್ತಾರಲ್ಲ, ಅದಕ್ಕೆ ಜೀವ, ಜೀವಾಳಿ ಅಂತೀವಿ. ತಂಬೂರಿಯ ದಾರಕ್ಕೂ ಸೆಲ್ಲೋದ ಗೂಟಕ್ಕೂ ಸಂಬಂಧ ಇಲ್ಲ, ಕೆಲಸವೂ ಬೇರೆ ಬೇರೆ. ಆದ್ರೂ ಇಟ್ಟ ಹೆಸರು ನೋಡಿ.

ಈ ಗೂಟ ಮಾಡೋದೇನು? ವಿಡಿಯೋದಲ್ಲಿ ಕೈಯಲ್ಲಿ ತೋರಿಸಿದ್ದೆ, ಓದೋರಿಗೆ ಮಾತಲ್ಲೇ ಹೇಳ್ತೀನಿ. ಬಿಲ್ಲು ತಂತಿಯನ್ನ ಎಳೆಯೋದು ಅಡ್ಡಕ್ಕೆ. ಆದ್ರೆ ಗಾಳಿಯನ್ನ ತಳ್ಳಿ ಸದ್ದು ಮಾಡೋಕೆ ಮೇಲಿನ ಹಲಗೆ ಮೇಲಕ್ಕೂ ಕೆಳಕ್ಕೂ ಆಡಬೇಕು. ಕುದುರೆ ತಂತಿಯ ಅಡ್ಡ ಚಲನೆಯನ್ನ ತಗೊಂಡು ಎಡಗಾಲು ಬಲಗಾಲು ಅಂತ ತಕ್ಕಡಿ ಥರ ತೂಗುತ್ತೆ. ಎರಡೂ ಕಾಲು ಸಮನಾಗಿ ತೂಗಿದ್ರೆ ಏನಾಗುತ್ತೆ? ಎಡಗಡೆ ಹಲಗೆ ಗಾಳಿ ತಳ್ಳೋ ಹೊತ್ತಿಗೆ ಬಲಗಡೆ ಹಲಗೆ ಅದೇ ಗಾಳಿಯನ್ನ ಎಳ್ಕೊಳ್ಳುತ್ತೆ. ತಗ್ಗು ಸ್ವರಗಳಲ್ಲಿ ಕೂಡಿ ಕಳೆದು ಸೊನ್ನೆಗೆ ಹತ್ತಿರ. ಗೂಟ ಬಲಗಾಲನ್ನ ಹೆಚ್ಚುಕಮ್ಮಿ ಕದಲದ ಹಾಗೆ ಹಿಡಿಯುತ್ತೆ. ಆಗ ಎಡಗಾಲು ಒಂದೇ ಜೋರಾಗಿ ಪಂಪ್ ಹೊಡೆಯುತ್ತೆ. ಅದರ ಕೆಳಗೆ ಹಲಗೆಯ ಉದ್ದಕ್ಕೂ ಅಂಟಿಸಿರೋ ಒಂದು ಪಟ್ಟಿ ಇದೆ, ಬಾಸ್ ಬಾರ್ ಅಂತ, ಅದು ಈ ಚಲನೆಯನ್ನ ಇಡೀ ಹಲಗೆಗೆ ಹರಡುತ್ತೆ. ಗೂಟ ತೆಗೆದು ನುಡಿಸಿದ್ರೆ ಸದ್ದು ಪೊಳ್ಳಾಗುತ್ತೆ, ಬಲ ಹೋಗುತ್ತೆ. ದಯವಿಟ್ಟು ಮನೇಲಿ ಪ್ರಯತ್ನಿಸಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಇದನ್ನ ಕಂಡುಹಿಡಿದೋರು ಯಾರು ಅನ್ನೋದಕ್ಕೆ ಒಂದು ಹೆಸರು ಸಿಗಲ್ಲ. ಆದ್ರೆ ಯೋಚನೆ ಹೇಗೆ ಬಂದಿರಬಹುದು ಅನ್ನೋದಕ್ಕೆ ಬ್ರಿಟನ್ನಿನ ವೇಲ್ಸ್‌ನಲ್ಲಿ ಒಂದು ಚೆಂದದ ಸುಳಿವು ಇದೆ. ಅಲ್ಲಿ ಕ್ರೂಥ್ ಅಂತ ಒಂದು ಹಳೇ ಬಿಲ್ಲಿನ ವಾದ್ಯ. ಅದರ ಕುದುರೆಗೆ ಒಂದು ಕಾಲು ಗಿಡ್ಡ, ಇನ್ನೊಂದು ಉದ್ದ. ಗಿಡ್ಡ ಕಾಲು ಮೇಲಿನ ಹಲಗೆ ಮೇಲೆ ಕೂರುತ್ತೆ. ಉದ್ದ ಕಾಲು ರಂಧ್ರದೊಳಗೆ ಇಳಿದು ನೇರ ಹಿಂಬದಿಯ ಹಲಗೆಗೆ ಊರುತ್ತೆ. ಅಂದ್ರೆ ಕುದುರೆಯೂ ಗೂಟವೂ ಒಂದೇ ತುಂಡು! ಬಿಲ್ಲಿನ ವಾದ್ಯದಲ್ಲಿ ಒಂದು ಕಾಲಿಗೆ ಗಟ್ಟಿ ನೆಲ ಬೇಕು, ಇನ್ನೊಂದು ಕಾಲಿಗೆ ಸ್ವಾತಂತ್ರ್ಯ ಬೇಕು ಅನ್ನೋದು ಭೌತಶಾಸ್ತ್ರ ಬರೋಕೆ ಮುಂಚೆಯೇ ಕೈಗಳಿಗೆ ಗೊತ್ತಿತ್ತು.

ಈಗ ಕ್ರೆಮೋನಾಗೆ ಬರೋಣ. 16ನೇ ಶತಮಾನದ ಮಧ್ಯದಲ್ಲಿ ಆಂದ್ರೆಯಾ ಅಮಾತಿ ಅಲ್ಲಿ ಪಿಟೀಲು ಕುಟುಂಬದ ವಾದ್ಯ ಮಾಡ್ತಿದ್ದ. ಅವನ 'ಕಿಂಗ್' ಅನ್ನೋ ಸೆಲ್ಲೋ ಈಗ ಅಮೆರಿಕದ ಸೌತ್ ಡಕೋಟ ರಾಜ್ಯದ ಮ್ಯೂಸಿಯಂ ಒಂದರಲ್ಲಿದೆ. ಬೆನ್ನ ಮೇಲೆ ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ನ ಲಾಂಛನ, ಚಿತ್ರ, ಚಿನ್ನದ ಲೇಪ. ಅದು ಹುಟ್ಟಿದಾಗ ಈಗಿನ ಸೆಲ್ಲೋಗಿಂತ ದೊಡ್ಡದಿತ್ತು. 1801ರ ಆಸುಪಾಸಲ್ಲಿ ಅದನ್ನ ಬಿಚ್ಚಿ, ಅಂಚೂ ಮಧ್ಯಭಾಗವೂ ಕತ್ತರಿಸಿ ಚಿಕ್ಕದು ಮಾಡಿದ್ರು. ಬೆನ್ನಿನ ಚಿತ್ರಗಳು ತುಂಡಾಗಿರೋದು ಈಗಲೂ ಕಾಣುತ್ತೆ. ನನಗೆ ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಕತ್ತರಿಸಿದವನನ್ನ ಬೈಯೋ ಮುಂಚೆ ಅವನು ಯಾಕೆ ಹಾಗೆ ಮಾಡಿದ ಅಂತ ಕೇಳಬೇಕು.

ಕಾರಣ ತಂತಿ. ಮೊದಲು ಇದ್ದಿದ್ದು ಬರೀ ಕರುಳಿನ ತಂತಿ. ತಗ್ಗು ಸ್ವರ ಬೇಕಾದ್ರೆ ತಂತಿ ದಪ್ಪ ಇರಬೇಕು, ಇಲ್ಲಾ ಉದ್ದ ಇರಬೇಕು. ತೀರಾ ದಪ್ಪ ಮಾಡಿದ್ರೆ ಹಗ್ಗದ ಥರ, ದನಿ ಏಳಲ್ಲ. ಹಾಗಾಗಿ ವಾದ್ಯವನ್ನೇ ಉದ್ದ ಮಾಡಿದ್ರು. 1660ರ ದಶಕದ ಹೊತ್ತಿಗೆ ಕರುಳಿಗೆ ತೆಳು ಲೋಹದ ತಂತಿ ಸುತ್ತೋ ವಿದ್ಯೆ ಬಂತು. ದಪ್ಪ ಹೆಚ್ಚಾಗದೆ ತೂಕ ಹೆಚ್ಚಾಯ್ತು. ಚಿಕ್ಕ ವಾದ್ಯದಲ್ಲೂ ತಗ್ಗು ಸ್ವರ ಸಿಕ್ಕಿತು, ಬೆರಳು ಓಡಿಸೋಕೂ ಸಲೀಸು. ಸ್ಟ್ರಾಡಿವೇರಿ ಕೂಡ ಮೊದಲು ದೊಡ್ಡ ಸೆಲ್ಲೋಗಳನ್ನೇ ಮಾಡ್ತಿದ್ದ. 1701ರ 'ಸರ್ವೇ' ಸೆಲ್ಲೋ ಅಂಥ ದೊಡ್ಡ ದೇಹದ್ದು, ಕತ್ತರಿಗೆ ಸಿಗದೆ ಉಳ್ಕೊಂಡಿದೆ. 1707ರ ಸುಮಾರಿಗೆ ಅವನು ಒಂದು ಚಿಕ್ಕ ಮಾದರಿಗೆ ಬಂದ. ದೇಹದ ಉದ್ದ ಸುಮಾರು 75, 76 ಸೆಂಟಿಮೀಟರ್. ಡೇವಿಡಾಫ್ ಅದೇ ಮಾದರಿ. ಇವತ್ತು ಅಂಗಡಿಯಲ್ಲಿ ನೀವು ನೋಡೋ ಸೆಲ್ಲೋ ಕೂಡ ಹೆಚ್ಚುಕಮ್ಮಿ ಅದೇ ಅಳತೆ. ಹೊಸ ಮಾದರಿ ಎಲ್ಲರಿಗೂ ಹಿಡಿಸಿದ ಮೇಲೆ ಹಳೇ ದೊಡ್ಡ ವಾದ್ಯಗಳಿಗೆ ಎರಡೇ ದಾರಿ: ಕತ್ತರಿಸಿಕೊಳ್ಳೋದು, ಇಲ್ಲಾ ಮೂಲೆ ಸೇರೋದು.

ಚಿಕ್ಕದು ಮಾಡಿದ್ದಕ್ಕೆ ಒಂದು ಬೆಲೆ ತೆರಬೇಕಾಯ್ತು. ಲೆಕ್ಕ ನೋಡಿ. ಸೆಲ್ಲೋದ ಶ್ರುತಿ ಪಿಟೀಲಿಗಿಂತ ಒಂದು ಸ್ಥಾಯಿ, ಅದರ ಮೇಲೆ ಒಂದು ಪಂಚಮದಷ್ಟು ಕೆಳಗೆ. ಅಂದ್ರೆ ಆವರ್ತನ ಮೂರನೇ ಒಂದು ಭಾಗ. ಆ ಲೆಕ್ಕದಲ್ಲಿ ಸೆಲ್ಲೋದ ದೇಹ ಪಿಟೀಲಿನ ಮೂರು ಪಟ್ಟು, ಒಂದು ಮೀಟರಿಗೂ ಮೇಲೆ ಇರಬೇಕಿತ್ತು. ಇರೋದು ಎರಡು ಪಟ್ಟಿಗಿಂತ ಚೂರು ಜಾಸ್ತಿ ಅಷ್ಟೇ. ಕೊರತೆ ತುಂಬೋಕೆ ಪಕ್ಕದ ಗೋಡೆಗಳನ್ನ ಎತ್ತರ ಮಾಡಿದ್ರು, ಹಲಗೆಯನ್ನ ಗಾತ್ರಕ್ಕೆ ಹೋಲಿಸಿದ್ರೆ ತೆಳ್ಳಗೆ ಬಿಟ್ಟರು. ಹಾಗಾಗಿ ದೊಡ್ಡ ತಂತಿಗಳ ಮುಂದೆ ದೇಹ ಸ್ವಲ್ಪ ಹಗುರ. ಇದರಿಂದ ಆದ ತೊಂದರೆ ಈಗಲೂ ಪ್ರತಿ ಸೆಲ್ಲೋ ನುಡಿಸೋರಿಗೆ ಗೊತ್ತು, ಹೆಸರು 'ವುಲ್ಫ್', ತೋಳ. ಆ ಕತೆಗೆ ಕಲ್ಕತ್ತೆಗೆ ಹೋಗಬೇಕು, ಸ್ವಲ್ಪ ತಡೀರಿ.

1800ರ ಆಸುಪಾಸಲ್ಲಿ ಎರಡನೇ ದೊಡ್ಡ ಬದಲಾವಣೆ. ಸಂಗೀತ ಅರಮನೆಯ ಕೋಣೆಯಿಂದ ಟಿಕೆಟ್ ಇಟ್ಟ ಸಭಾಂಗಣಕ್ಕೆ ಬಂತು. ಹಿಂದಿನ ಸಾಲಿಗೂ ಕೇಳಬೇಕು. ವಾದ್ಯಗಳ ಕತ್ತನ್ನ ಬದಲಿಸಿ ಹಿಂದಕ್ಕೆ ಬಾಗಿಸಿದ್ರು, ಬೆರಳು ಹಲಗೆ ಉದ್ದ ಆಯ್ತು, ಕುದುರೆ ಎತ್ತರ ಆಯ್ತು, ತಂತಿಯ ಬಿಗಿತ ಏರಿತು. ಒಳಗಿನ ಬಾಸ್ ಬಾರ್ ತೆಗೆದು ಗಟ್ಟಿಯಾದದ್ದು ಹಾಕಿದ್ರು, ಗೂಟವೂ ದಪ್ಪ ಆಯ್ತು. ಸ್ಟ್ರಾಡಿವೇರಿ, ಅಮಾತಿ ಯಾರ ವಾದ್ಯವನ್ನೂ ಬಿಡಲಿಲ್ಲ. ಪ್ಯಾರಿಸ್ಸಿನ ಅಂಗಡಿಗಳು ಈ ಕೆಲಸದಲ್ಲಿ ಮುಂದಿದ್ದವು. ಬೆಲ್ಜಿಯಮ್ಮಿನ ಸರ್ವೇ ಸೆಲ್ಲೋದ ಬುಡಕ್ಕೆ ಕಡ್ಡಿ ಕೊಟ್ಟು ನೆಲಕ್ಕೆ ಊರಿ ನುಡಿಸೋದನ್ನ ಜನಪ್ರಿಯ ಮಾಡಿದ್ದೂ ಇದೇ ಶತಮಾನದಲ್ಲಿ. ಅದೇ ಸರ್ವೇ, ಮೇಲೆ ಹೇಳಿದ ದೊಡ್ಡ ಸೆಲ್ಲೋದ ಯಜಮಾನ. ಕುದುರೆಯಲ್ಲೂ ಎರಡು ತಳಿ ನಿಂತವು. ಫ್ರೆಂಚ್ ಕುದುರೆಗೆ ಕಾಲು ಗಿಡ್ಡ, ಮೈ ತುಂಬಿರುತ್ತೆ. ದನಿ ಬೆಚ್ಚಗೆ, ದುಂಡಗೆ ಅಂತಾರೆ. ಬೆಲ್ಜಿಯನ್ ಕುದುರೆಗೆ ಕಾಲು ಉದ್ದ, ಮೈ ಸಣ್ಣ. ದನಿ ಮುಂದಕ್ಕೆ ನುಗ್ಗುತ್ತೆ, ಚುರುಕು. ಸೆಲ್ಲೋ ಕೊಳ್ಳೋರು ಇವತ್ತಿಗೂ ಇದರ ಬಗ್ಗೆ ಜಗಳ ಆಡ್ತಾರೆ, ನಾವು ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಅಂತ ಆಡೋ ಹಾಗೆ.

ತೆಗೆದ ಹಳೇ ಕುದುರೆಗಳು, ಗೂಟಗಳು ಏನಾದವು? ಕಸಕ್ಕೆ ಹೋದವು. ಯಾರು ಎತ್ತಿಡ್ತಾರೆ? ಸ್ಟ್ರಾಡಿವೇರಿಯ ಅಚ್ಚುಗಳು, ಕಾಗದದ ನಕ್ಷೆಗಳು ಬಚಾವಾಗಿದ್ದು ಕೋಝಿಯೋ ಅನ್ನೋ ಒಬ್ಬ ಶ್ರೀಮಂತನಿಗೆ ಸಂಗ್ರಹದ ಹುಚ್ಚು ಇತ್ತು ಅಂತ. ಅವು ಕೈ ಬದಲಾಗಿ 1930ರಲ್ಲಿ ಕ್ರೆಮೋನಾಗೆ ವಾಪಸ್ ಬಂದವು, ಅವುಗಳಲ್ಲಿ ಕುದುರೆಯ ವಿನ್ಯಾಸವೂ ಇದೆ. ಆದ್ರೆ ಅವನೇ ಕೆತ್ತಿದ ಕುದುರೆ ಅದೇ ವಾದ್ಯದ ಜೊತೆ ಉಳಿದಿರೋದು ತೀರಾ ವಿರಳ. ದನಿಯ ಇತಿಹಾಸ ಬರೆಯೋಕೆ ಬೇಕಾಗಿದ್ದ ದಾಖಲೆಯೇ ಕಸದ ಬುಟ್ಟಿಗೆ ಹೋಗಿದೆ.

ಅದೇ ಪ್ಯಾರಿಸ್ಸಿಗೆ ಫೆಲಿಕ್ಸ್ ಸಾವಾರ್ ಅಂತ ಒಬ್ಬ ವೈದ್ಯ ಬಂದ. ಕಲಿತದ್ದು ಡಾಕ್ಟರಿಕೆ, ತಲೆ ತುಂಬಾ ಪಿಟೀಲು. 1819ರಲ್ಲಿ ಬಿಲ್ಲಿನ ವಾದ್ಯಗಳ ರಚನೆ ಬಗ್ಗೆ ಒಂದು ಪ್ರಬಂಧ ಬರೆದು, ಜೊತೆಗೆ ಒಂದು ಪಿಟೀಲು ಮಾಡಿದ. ಸೊಂಟ ಇಲ್ಲ, ಉಬ್ಬು ಇಲ್ಲ, ಚಪ್ಪಟೆ ಪೆಟ್ಟಿಗೆ, ನೇರ ಸೀಳಿನ ರಂಧ್ರ. ಕೇಳೋರಿಗೆ ಕಾಣದ ಹಾಗೆ ಅದನ್ನೂ ಒಂದು ಒಳ್ಳೇ ಕ್ರೆಮೋನಾ ಪಿಟೀಲನ್ನೂ ನುಡಿಸಿದಾಗ ಪರಿಣತರ ಸಮಿತಿಗೆ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಗಮನಿಸಿ, ಅವನು ಪೆಟ್ಟಿಗೆಯ ಆಕಾರ ಬದಲಿಸಿದ, ಕುದುರೆ ಗೂಟದ ವ್ಯವಸ್ಥೆ ಕೈಬಿಡಲಿಲ್ಲ. ಆಮೇಲೆ ವಿಯೋಮ್ ಅನ್ನೋ ದೊಡ್ಡ ವಾದ್ಯ ತಯಾರಕನ ಜೊತೆ ಸೇರಿ ಅಸಲಿ ಸ್ಟ್ರಾಡಿವೇರಿಗಳ ಮೇಲೂ ಪ್ರಯೋಗ ಮಾಡಿದ. 1883ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಗೂಟದ ಕೆಲಸ ಏನು ಅಂತಲೇ ಒಂದು ಪ್ರಬಂಧ ಬಂತು. ಬರೆದಿದ್ದು ವಿಲಿಯಂ ಹಗ್ಗಿನ್ಸ್, ನಕ್ಷತ್ರಗಳ ಬೆಳಕನ್ನ ಒಡೆದು ಅವುಗಳಲ್ಲಿ ಯಾವ ಧಾತು ಇದೆ ಅಂತ ಹೇಳಿದ ಖಗೋಳಜ್ಞ! ಈ ಸಣ್ಣ ಗೂಟ ಎಂಥೆಂಥವರ ನಿದ್ದೆ ಕೆಡಿಸಿದೆ ನೋಡಿ.

ಈಗ ತೋಳ. ಸೆಲ್ಲೋ ನುಡಿಸ್ತಾ ಮೇಲಕ್ಕೆ ಹೋಗ್ತಿರ್ತೀರಿ. ಒಂದು ಸ್ವರ ಬರುತ್ತೆ, ಸಾಮಾನ್ಯವಾಗಿ 170ರಿಂದ 190 ಹರ್ಟ್ಸ್ ಒಳಗೆ. ಅಲ್ಲಿ ದನಿ ನಿಲ್ಲಲ್ಲ. ಗರ್ರ್ ಗರ್ರ್ ಅಂತ ತೊದಲುತ್ತೆ, ಗುರುಗುಟ್ಟುತ್ತೆ. ನುಡಿಸೋರ ತಪ್ಪಲ್ಲ, ವಾದ್ಯದ ಸ್ವಭಾವ. 1915ರಲ್ಲಿ ಕೇಂಬ್ರಿಡ್ಜಿನ ಜಿ. ಡಬ್ಲ್ಯೂ. ವೈಟ್ ಇದಕ್ಕೊಂದು ವಿವರಣೆ ಕೊಟ್ಟ. ಮರುವರ್ಷವೇ, 1916ರಲ್ಲಿ, ಕಲ್ಕತ್ತೆಯಿಂದ ಇನ್ನೊಂದು ವಿವರಣೆ ಬಂತು. ಬರೆದೋರು ಸಿ. ವಿ. ರಾಮನ್.

ಆಗ ರಾಮನ್ ಪ್ರೊಫೆಸರ್ ಅಲ್ಲ. ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿ. ಹಗಲೆಲ್ಲ ಲೆಕ್ಕಪತ್ರ. ಬೆಳಗ್ಗೆ ಮುಂಚೆ, ಸಂಜೆ ಮೇಲೆ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ನಿನ ಲ್ಯಾಬ್. ತಮ್ಮೂರು ಬಿಟ್ಟು ದೂರದ ಊರಲ್ಲಿ ನೌಕರಿ, ಮನಸ್ಸಿನ ಕೆಲಸ ಆಫೀಸ್ ಮುಗಿದ ಮೇಲೆ. ಇದನ್ನ ಕೇಳ್ತಿರೋರಲ್ಲಿ ಎಷ್ಟು ಜನಕ್ಕೆ ಈ ಟೈಮ್‌ಟೇಬಲ್ ಗೊತ್ತು ಅಂತ ನನಗೆ ಗೊತ್ತು. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಸಂಬಳ ಕಡಿಮೆಯಾದ್ರೂ ಕೆಲಸ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಸೇರಿದ್ರು.

ರಾಮನ್ ಹೇಳಿದ್ದು ಇದು. ತಂತಿ ಕಂಪಿಸ್ತಾ ಇರಬೇಕಾದ್ರೆ ಬಿಲ್ಲು ಅದನ್ನ ಒಂದು ಕನಿಷ್ಠ ಒತ್ತಡದಲ್ಲಿ ಹಿಡಿದಿರಬೇಕು. ಸ್ವರ ವಾದ್ಯದ ಮೈಯ ಸ್ವಂತ ಅನುರಣನದ ಮೇಲೇ ಬಿದ್ದಾಗ ಮೈ ಜೋರಾಗಿ ಅಲುಗೋಕೆ ಶುರು ಮಾಡುತ್ತೆ, ತಂತಿಯ ಶಕ್ತಿಯನ್ನ ಹೀರುತ್ತೆ. ಬೇಕಾದ ಕನಿಷ್ಠ ಒತ್ತಡ ಏರ್ತಾ ಹೋಗಿ ಬಿಲ್ಲಿನ ಒತ್ತಡವನ್ನೇ ಮೀರುತ್ತೆ. ಹಿಡಿತ ತಪ್ಪುತ್ತೆ, ತಂತಿ ಮೇಲಿನ ಸ್ಥಾಯಿಯ ಕಂಪನಕ್ಕೆ ಜಾರುತ್ತೆ. ಆಗ ಮೈಯ ಅಲುಗಾಟ ಇಳಿಯುತ್ತೆ, ಒತ್ತಡ ಮತ್ತೆ ಸಾಲುತ್ತೆ, ಮೊದಲ ಸ್ವರ ವಾಪಸ್ ಬರುತ್ತೆ. ಮತ್ತೆ ಅದೇ ಚಕ್ರ. ಒಂದು ಸೆಕೆಂಡಿನಲ್ಲಿ ಇದು ಹಲವು ಸಲ ಸುತ್ತೋದೇ ನಮ್ಮ ಕಿವಿಗೆ ಗುರುಗುಟ್ಟೋ ಹಾಗೆ ಕೇಳೋದು. 1917ರಲ್ಲಿ ಅವರು ಕುದುರೆಗೆ ಮ್ಯೂಟ್ ಸಿಕ್ಕಿಸಿ ಭಾರ ಹೆಚ್ಚಿಸಿದ್ರೆ ದನಿ ಯಾಕೆ ಬದಲಾಗುತ್ತೆ ಅಂತ ಬರೆದ್ರು. 1918ರಲ್ಲಿ ಬಿಲ್ಲಿನ ತಂತಿಯ ಕಂಪನದ ಬಗ್ಗೆ ಇಡೀ ಒಂದು ಗ್ರಂಥವೇ ಬಂತು. ಆಮೇಲೆ ಕೈನ ಅಭ್ಯಾಸದ ಗೊಡವೆಯೇ ಬೇಡ ಅಂತ ಒಂದು ಯಂತ್ರ ಕಟ್ಟಿದ್ರು, ಅದರಲ್ಲಿ ಬಿಲ್ಲು ನಿಂತಿರುತ್ತೆ, ಪಿಟೀಲು ಹಿಂದೆ ಮುಂದೆ ಓಡಾಡುತ್ತೆ! ಇನ್ನೂ ಒಂದು ಹೆಜ್ಜೆ ಇದೆ. 1921ರ ಪ್ರಬಂಧದಲ್ಲಿ ಅವರು ನಮ್ಮ ವೀಣೆ, ತಂಬೂರಿಗಳ ಅಗಲವಾದ ಬಾಗಿದ ಕುದುರೆಯನ್ನ ಹಿಡಿದುಕೊಂಡ್ರು. ತಂತಿಯನ್ನ ಯಾವ ಬಿಂದುವಿನಲ್ಲಿ ಮೀಟಿದ್ರೆ ಯಾವ ಉಪಸ್ವರ ಬರಬಾರದು ಅನ್ನೋ ಯುರೋಪಿನ ನಿಯಮ ಈ ಕುದುರೆಯ ಮುಂದೆ ನಡೆಯಲ್ಲ ಅಂತ ತೋರಿಸಿದ್ರು. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ರಾಮನ್ ನಮಗೆಲ್ಲ ಗೊತ್ತು, ನೀಲಿ ಸಮುದ್ರ, ನೊಬೆಲ್ ಎಲ್ಲ ಗೊತ್ತು. ಅದಕ್ಕೆ ಮುಂಚಿನ ಈ ಸೆಲ್ಲೋ ರಾಮನ್ ಶಾಲೆಯ ಪಾಠದಲ್ಲಿ ಬರಲಿಲ್ಲ.

ರಾಮನ್ ಎತ್ತಿದ ಎಳೆಯನ್ನ 1963ರಲ್ಲಿ ಜಾನ್ ಶೆಲ್ಲೆಂಗ್ ಮುಂದಕ್ಕೆ ಒಯ್ದ. ಬೆಲ್ ಲ್ಯಾಬ್ಸಿನಲ್ಲಿ ರೇಡಿಯೋ ಇಂಜಿನಿಯರ್, ಮನೇಲಿ ಸೆಲ್ಲೋ. ಪಿಟೀಲನ್ನ ವಿದ್ಯುತ್ ಸರ್ಕ್ಯೂಟ್ ಅಂತ ನೋಡಿದ್ರೆ ಹೇಗೆ ಅಂತ ಬರೆದ. ತಂತಿಯ ಇಂಪೀಡೆನ್ಸ್, ಮೈಯ ಇಂಪೀಡೆನ್ಸ್, ಎರಡರ ನಡುವಿನ ಕಪ್ಲಿಂಗ್. ಸೆಲ್ಲೋದ ಮೈ ಅದರ ತಂತಿಗಳಿಗೆ ಹೋಲಿಸಿದ್ರೆ ಹಗುರ, ಅದಕ್ಕೇ ಪಿಟೀಲಿಗಿಂತ ಸೆಲ್ಲೋಗೆ ತೋಳದ ಕಾಟ ಹೆಚ್ಚು. 300 ವರ್ಷದ ಹಿಂದೆ ಬೆರಳಿನ ಅನುಕೂಲಕ್ಕೆ ದೇಹ ಚಿಕ್ಕದು ಮಾಡಿದ್ದರ ಬಿಲ್ಲು ಇಲ್ಲಿ ಬಂತು.

ವಿಜ್ಞಾನ ತೋಳ ಯಾಕೆ ಬರುತ್ತೆ ಅಂತ ಹೇಳಿತು. ಅದನ್ನ ಓಡಿಸೋ ಕೆಲಸ ಮಾತ್ರ ಈಗಲೂ ಕುಶಲಕರ್ಮಿಯ ಕೈಯಲ್ಲೇ ಇದೆ. ಪೂರ್ತಿ ಓಡಿಸೋಕೂ ಆಗಲ್ಲ. ಕುದುರೆಯ ಕೆಳಗಿನ ತಂತಿಗೆ ಹಿತ್ತಾಳೆಯ ಸಣ್ಣ ಕೊಳವೆ ಸಿಕ್ಕಿಸ್ತಾರೆ. ಇಲ್ಲಾ ಗೂಟವನ್ನ ಚೂರು ಸರಿಸಿ, ತೋಳ ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಬೀಳೋ ಹಾಗೆ ಮಾಡ್ತಾರೆ. ಇದೆ, ಆದ್ರೆ ನುಡಿಸೋ ಸ್ವರದ ಮೇಲೆ ಇಲ್ಲ. ಪ್ರೊಡಕ್ಷನ್ನಿನಲ್ಲಿ ಬಗ್ ಸರಿ ಮಾಡೋಕಾಗದೆ ವರ್ಕ್‌ಅರೌಂಡ್ ಹಾಕಿದೋರಿಗೆ ಇದು ಅರ್ಥ ಆಗುತ್ತೆ.

ಈ ಸರಿಸೋ ಕೆಲಸ ಹೇಗೆ ನಡೆಯುತ್ತೆ ಅಂತ ನೋಡೋದೇ ಒಂದು ಚೆಂದ. ಎಸ್ ಅಕ್ಷರದ ಹಾಗೆ ಬಾಗಿದ ಒಂದು ಕಬ್ಬಿಣದ ಕಡ್ಡಿ. ಅದನ್ನ ಎಫ್ ರಂಧ್ರದೊಳಗೆ ಬಿಟ್ಟು, ಗೂಟದ ಬುಡವನ್ನೋ ತಲೆಯನ್ನೋ ಮೆಲ್ಲಗೆ ತಟ್ತಾರೆ. ಅರ್ಧ ಮಿಲಿಮೀಟರ್ ಸರಿದ್ರೂ ಕಿವಿಗೆ ಗೊತ್ತಾಗುತ್ತೆ. ಕುದುರೆಗೆ ಹತ್ತಿರ ತಂದ್ರೆ ದನಿ ಸಾಮಾನ್ಯವಾಗಿ ಬಿಗಿಯಾಗಿ, ತೀಕ್ಷ್ಣವಾಗಿ ಬರುತ್ತೆ. ತೀರಾ ಹತ್ತಿರ ಆದ್ರೆ ಗಂಟಲು ಹಿಡಿದ ಹಾಗೆ. ದೂರ ಸರಿಸಿದ್ರೆ ಸಡಿಲ, ಮೆತ್ತಗೆ, ಇನ್ನೂ ದೂರ ಹೋದ್ರೆ ಉತ್ತರವೇ ಕೊಡಲ್ಲ. ಗೂಟ ಒಂದು ಕೂದಲು ಉದ್ದ ಆದ್ರೆ ಹಲಗೆಗೆ ಉಸಿರು ಕಟ್ಟುತ್ತೆ. ಗಿಡ್ಡ ಆದ್ರೆ ಬಿದ್ದೇ ಹೋಗುತ್ತೆ. ಎರಡು ತುದಿಯೂ ಹಲಗೆಗಳ ಉಬ್ಬಿಗೆ ಸರಿಯಾಗಿ ಕೂತಿರಬೇಕು, ಇಲ್ಲಾಂದ್ರೆ ಅಂಚು ಮರವನ್ನ ಕೊರೆಯುತ್ತೆ. ಕುದುರೆಯಲ್ಲಿ ಒಂದು ಚೂರು ಕೆತ್ತಿದ್ರೆ ಅದು ಹಾದುಹೋಗಲು ಬಿಡೋ ಆವರ್ತನಗಳೇ ಬದಲಾಗುತ್ವೆ. ಗೂಟವನ್ನ ವಾಪಸ್ ತಟ್ಟಬಹುದು. ಕುದುರೆಯಿಂದ ಕೆತ್ತಿದ ಮರ ವಾಪಸ್ ಬರಲ್ಲ, ಅಲ್ಲಿ ಅನ್‌ಡು ಇಲ್ಲ. ಅದಕ್ಕೇ ಬಲ್ಲವರು ಮೊದಲು ಗೂಟ ಮುಟ್ತಾರೆ.

20ನೇ ಶತಮಾನದಲ್ಲಿ ಈ ವಿದ್ಯೆಗೆ ನ್ಯೂಯಾರ್ಕ್ ದೊಡ್ಡ ಕೇಂದ್ರ ಆಯ್ತು. ಅಲ್ಲಿನ ವುರ್ಲಿಟ್ಸರ್ ಅಂಗಡಿಯಲ್ಲಿ ಇಟಲಿಯ ಸಿಮೋನೆ ಸಾಕೋನಿ ಇದ್ರು, ಅವರ ಜೊತೆ ಫ್ರಾನ್ಸಿನಿಂದ ಬಂದ ರೆನೆ ಮೊರೆಲ್ ಸೇರಿದ್ರು. ಜಗತ್ತಿನ ದೊಡ್ಡ ದೊಡ್ಡ ಕಲಾವಿದರು ಕಚೇರಿಗೆ ಮುಂಚೆ ಮೊರೆಲ್ ಹತ್ತಿರ ವಾದ್ಯ ತಗೊಂಡು ಹೋಗ್ತಿದ್ರು. ಅವರು ನುಡಿಸೋದು, ಇವರು ಕೇಳೋದು, ತಟ್ಟೋದು, ಮತ್ತೆ ನುಡಿಸೋದು. ಕಲಾವಿದ ಹೇಳೋ ಮಾತೂ ವಿಚಿತ್ರ: 'ಸ್ವಲ್ಪ ಕತ್ತಲೆ ಬೇಕು', 'ಎರಡನೇ ತಂತಿ ಮೂಗಿನಲ್ಲಿ ಮಾತಾಡ್ತಿದೆ'. ಈ ರಿಕ್ವೈರ್‌ಮೆಂಟ್ ಕೇಳಿ ಅದನ್ನ ಅರ್ಧ ಮಿಲಿಮೀಟರಿಗೆ ಭಾಷಾಂತರ ಮಾಡಬೇಕು. ಸಭೆಯಲ್ಲಿ ಚಪ್ಪಾಳೆ ಕಲಾವಿದರಿಗೆ, ಬ್ರೋಷರಿನಲ್ಲಿ ಹೆಸರು ಸ್ಟ್ರಾಡಿವೇರಿಗೆ. ತಟ್ಟಿದವನ ಗುರುತು ಉಳಿಯೋದು ಕುದುರೆಯ ಮೇಲೆ ಒತ್ತಿದ ಒಂದು ಸಣ್ಣ ಮುದ್ರೆಯಲ್ಲಿ, ಅದೂ ಮುಂದಿನ ಕುದುರೆ ಬರೋವರೆಗೆ.

2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೌಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 21 ಪಿಟೀಲು ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ ಮೂರು ಹಳೇ, ಮೂರು ಹೊಸ ಪಿಟೀಲು ಕೊಟ್ಟರು. ಹಳೇ ಮೂರರಲ್ಲಿ ಎರಡು ಸ್ಟ್ರಾಡಿವೇರಿ. ಯಾವುದು ಹಳೇದು ಅಂತ ಬಹಳ ಜನಕ್ಕೆ ಹೇಳೋಕಾಗಲಿಲ್ಲ. ಪೇಪರುಗಳಲ್ಲಿ ಸ್ಟ್ರಾಡಿವೇರಿ ಸೋತ ಅಂತ ಬಂತು. ನನ್ನ ಪ್ರಕಾರ ಅದು ಅರ್ಧ ಓದು. ಆ ಹಳೇ ವಾದ್ಯಗಳ ತಂತಿ, ಕುದುರೆ, ಗೂಟ ಯಾವುದನ್ನೂ ಮುಟ್ಟೋ ಹಾಗಿರಲಿಲ್ಲ, ಇದ್ದ ಹಾಗೇ ನುಡಿಸಬೇಕಿತ್ತು. ಆರು ಪೆಟ್ಟಿಗೆಗಳ ಜೊತೆ ಆರು ಹೊಂದಾಣಿಕೆಗಳೂ ಸ್ಪರ್ಧೆಯಲ್ಲಿದ್ದವು.

ನಮ್ಮ ಕಡೆಯೂ ಹಿಂದಿನ ಸಾಲಿಗೆ ಕೇಳಿಸಬೇಕು ಅನ್ನೋ ಕಷ್ಟ ಇತ್ತು. ಮೈಸೂರಿನ ಟಿ. ಚೌಡಯ್ಯನವರು ಮೈಕು ಇನ್ನೂ ರೂಢಿಗೆ ಬರದ ಕಾಲದಲ್ಲಿ ಪಿಟೀಲಿಗೆ ಹೆಚ್ಚಿನ ತಂತಿ ಸೇರಿಸಿ ಏಳು ತಂತಿ ಮಾಡಿಕೊಂಡ್ರು. ಪ್ಯಾರಿಸ್ಸಿನವರು ಕತ್ತು ಬಾಗಿಸಿ, ಕುದುರೆ ಎತ್ತಿ ಮಾಡಿದ್ದನ್ನ ಇವರು ತಂತಿ ಹೆಚ್ಚಿಸಿ ಮಾಡಿದ್ರು. ಅವರ ನೆನಪಿಗೆ ಬೆಂಗಳೂರಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ, ಊರಿಗೆ ಹೋದಾಗ ನೋಡಿ. ಇನ್ನು ಪುಣೆಯಿಂದ ಹುಬ್ಬಳ್ಳಿ ಕಡೆ ರೈಲಲ್ಲಿ ಹೋಗೋರು ಮಿರಜ ಸ್ಟೇಷನ್ನಿನಲ್ಲಿ ಚಹಾ ಕುಡಿದಿರ್ತೀರಿ. ತಂಬೂರಿಗೆ ಹೆಸರಾದ ಊರು ಅದು. ಅಲ್ಲಿ ತಂಬೂರಿಯ ಕುದುರೆಯನ್ನ ಉಜ್ಜಿ ಉಜ್ಜಿ ಜವಾರಿ ತೆಗೆಯೋರು ಇದ್ದಾರೆ. ಅದೂ ಇದೇ ಜಾತಿಯ ಕೆಲಸ, ಅವರ ಹೆಸರೂ ಕಚೇರಿಯ ಕಾರ್ಡಿನಲ್ಲಿ ಇರಲ್ಲ.

ಕೊನೆಗೆ, ನಿಮ್ಮಲ್ಲಿ ಮಕ್ಕಳಿಗೆ ಸೆಲ್ಲೋ ಅಥವಾ ಪಿಟೀಲು ಕೊಡಿಸಿರೋರಿಗೆ ಒಂದೆರಡು ಮಾತು. ಮುಂಬೈ ಚೆನ್ನೈ ಮಳೆಗಾಲದಲ್ಲಿ ಮರ ತೇವ ಕುಡಿದು ಮೇಲಿನ ಹಲಗೆ ಉಬ್ಬುತ್ತೆ, ತಂತಿ ಎತ್ತರ ಆಗುತ್ತೆ, ಗೂಟ ಸಡಿಲ ಆಗುತ್ತೆ. ಏಸಿ ಹಾಕಿದ ಒಣ ರೂಮಿನಲ್ಲಿ, ಡೆಲ್ಲಿಯ ಚಳಿಗಾಲದ ಹೀಟರ್ ಮುಂದೆ ಇದರ ಉಲ್ಟಾ. ಹಲಗೆ ಕುಗ್ಗಿ ಗೂಟದ ಮೇಲೆ ಕೂರುತ್ತೆ. ಗೂಟದ ಜಾಗದಲ್ಲೇ ಬಿರುಕು ಬಿಟ್ಟರೆ ಅದು ವಾದ್ಯಕ್ಕೆ ಬರೋ ದೊಡ್ಡ ಗಾಯಗಳಲ್ಲಿ ಒಂದು, ರಿಪೇರಿಯೂ ದುಬಾರಿ. ಹೊರದೇಶದ ಎಷ್ಟೋ ಸೆಲ್ಲೋ ವಾದಕರು ಬೇಸಿಗೆಗೆ ಒಂದು ಕುದುರೆ, ಚಳಿಗೆ ಒಂದು ಕುದುರೆ ಇಟ್ಕೊಂಡಿರ್ತಾರೆ. ಶ್ರುತಿ ಮಾಡ್ತಾ ಮಾಡ್ತಾ ಕುದುರೆ ನಿಧಾನಕ್ಕೆ ಮುಂದಕ್ಕೆ ವಾಲುತ್ತೆ, ತಿಂಗಳಿಗೊಮ್ಮೆ ಪಕ್ಕದಿಂದ ನೋಡಿ. ಬಾಲದ ಕಡೆಯ ಮುಖ ಹಲಗೆಗೆ ನೆಟ್ಟಗೆ ಇರಬೇಕು. ದನಿ ಮಂಕಾಯ್ತು ಅಂತ ಹೊಸ ವಾದ್ಯಕ್ಕೆ ದುಡ್ಡು ಹಾಕೋ ಮುಂಚೆ ಒಬ್ಬ ಬಲ್ಲ ರಿಪೇರಿಯವರಿಗೆ ಗೂಟ ತೋರಿಸಿ. ಒಳಗೆ ಟಕ್ ಅಂತ ಸದ್ದಾಗಿ ಗೂಟ ಬಿತ್ತು ಅಂತಿಟ್ಕೊಳ್ಳಿ. ಆಗ ತಕ್ಷಣ ಎಲ್ಲಾ ತಂತಿ ಸಡಿಲ ಮಾಡಿ, ಯಾಕಂದ್ರೆ ಸೆಲ್ಲೋದ ಕುದುರೆ ಕೆಳಗೆ 20 ಕೆಜಿಗೂ ಹೆಚ್ಚು ಭಾರ ಇರುತ್ತೆ, ಅದನ್ನ ಹೊರೋಕೆ ಈಗ ಕಂಬ ಇಲ್ಲ. ಗೂಟ ಬಿದ್ದಲ್ಲೇ ಇರಲಿ, ಕಡ್ಡಿ ಹಾಕಿ ನೀವೇ ನಿಲ್ಲಿಸೋಕೆ ಹೋಗಬೇಡಿ. ಚೀಲದಲ್ಲಿಟ್ಟು ರಿಪೇರಿಯವರ ಹತ್ತಿರ ತಗೊಂಡು ಹೋಗಿ.